ಅಂಡಾಣುಗಳ ಸಂಚಯ ಕುಗ್ಗಿದಾಗ: ಹಾರ್ಮೋನು ಮಾತ್ರೆ ಎಷ್ಟು ಸಹಾಯಕ?

ಸಂತಾನಾಪೇಕ್ಷೆಯಿಂದ ವೈದ್ಯರಲ್ಲಿಗೆ ಹೋದ ಗೃಹಿಣಿಯ ವರದಿಯಲ್ಲಿ ‘ಎಎಂಎಚ್ ಕಡಿಮೆ’ ಎಂದು ಬಂದೊಡನೆ ಅನೇಕ ಮನೆಗಳಲ್ಲಿ ಆತಂಕ ಆವರಿಸುತ್ತದೆ. ಯಾರೋ ಹೇಳಿದರೆಂದು ಡಿಎಚ್‌ಇಎ ಮಾತ್ರೆಗಳನ್ನು ತಾವಾಗಿಯೇ ಕೊಂಡು ತಿಂಗಳುಗಟ್ಟಲೆ ಸೇವಿಸುವವರೂ ಉಂಟು. ಆದ್ದರಿಂದ ಈ ವಿಷಯವನ್ನು ಸರಿಯಾಗಿ ತಿಳಿಯುವುದು ಅವಶ್ಯ.

ಹೆಣ್ಣುಶಿಶು ಜನಿಸುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಋತುಮತಿಯಾಗುವ ವೇಳೆಗೆ ಅವು 3ರಿಂದ 4 ಲಕ್ಷಕ್ಕೆ ಇಳಿಯುತ್ತವೆ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವವು ಸುಮಾರು 400 ಮಾತ್ರ. ಎಎಂಎಚ್ ರಕ್ತಪರೀಕ್ಷೆಯೂ ಸ್ಕ್ಯಾನಿಂಗ್‌ನಲ್ಲಿ ಕಾಣುವ ಸಣ್ಣ ಕೋಶಕಗಳ ಎಣಿಕೆಯೂ ಉಳಿದ ಸಂಖ್ಯೆಯ ಅಂದಾಜು ನೀಡುತ್ತವೆಯೇ ಹೊರತು ಗುಣಮಟ್ಟವನ್ನು ತಿಳಿಸುವುದಿಲ್ಲ. ಗುಣಮಟ್ಟವು ಬಹುಪಾಲು ವಯಸ್ಸನ್ನು ಅವಲಂಬಿಸಿದೆ. ಎಎಂಎಚ್ ಕಡಿಮೆಯಿದ್ದವರೂ ಸಹಜವಾಗಿ ಗರ್ಭ ಧರಿಸಬಲ್ಲರು.

ಡಿಎಚ್‌ಇಎ ಎಂಬುದು ಮುಖ್ಯವಾಗಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಹಾರ್ಮೋನು. ದೇಹದಲ್ಲಿ ಅದು ಟೆಸ್ಟೊಸ್ಟಿರೋನ್ ಹಾಗೂ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಸಣ್ಣ ಕೋಶಕಗಳ ಬೆಳವಣಿಗೆಗೆ ಟೆಸ್ಟೊಸ್ಟಿರೋನ್‌ನಂತಹ ಹಾರ್ಮೋನುಗಳು ನೆರವಾಗುವುದರಿಂದ, ಪ್ರನಾಳ ಶಿಶು ಚಿಕಿತ್ಸೆಗೆ ಮುನ್ನ ಕೆಲವು ವೈದ್ಯರು ಇದನ್ನು ಕೊಡುತ್ತಾರೆ. ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿದ ಪ್ರಮಾಣ ದಿನಕ್ಕೆ 75 ಮಿಲಿಗ್ರಾಂ. ಆದರೆ ಇದು ಹೊಸ ಅಂಡಾಣುಗಳನ್ನು ಸೃಷ್ಟಿಸಲಾರದು.

ಇದರ ಫಲವೆಷ್ಟು? 2015ರ ಕಾಕ್ರೇನ್ ವಿಮರ್ಶೆಯಲ್ಲಿ ಮೊದಲಿಗೆ ಪ್ರಯೋಜನ ಕಂಡಿತು; ಪಕ್ಷಪಾತದ ಸಂಭವ ಹೆಚ್ಚಿದ್ದ ಪ್ರಯೋಗಗಳನ್ನು ಬದಿಗಿರಿಸಿದಾಗ ಅದು ದೃಢವಾಗಿ ಉಳಿಯಲಿಲ್ಲ. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘದ ಮಾರ್ಗಸೂಚಿಯೂ ಇದನ್ನು ಶಿಫಾರಸು ಮಾಡಿಲ್ಲ.

ಮೊಡವೆ, ಎಣ್ಣೆಚರ್ಮ, ಮುಖದಲ್ಲಿ ರೋಮ, ತಲೆಗೂದಲು ಉದುರುವಿಕೆ ಇದರ ಅಡ್ಡಪರಿಣಾಮಗಳು. ವಿರಳವಾಗಿ ಧ್ವನಿಯೂ ಗಡುಸಾಗಬಹುದು. ಸ್ತನ ಮೊದಲಾದ ಹಾರ್ಮೋನು ಸಂವೇದಿ ಕ್ಯಾನ್ಸರ್ ಇದ್ದವರು ಇದನ್ನು ಸೇವಿಸಬಾರದು. ತಜ್ಞರ ಸಲಹೆಯಿಲ್ಲದೆ ಯಾರೂ ಆರಂಭಿಸಬಾರದು. ಸಲಹೆ ಪಡೆದವರು ಎಷ್ಟು ದಿನ ಸೇವಿಸಬೇಕು, ಚಿಕಿತ್ಸೆ ಎಂದು ಆರಂಭವಾಗುವುದು ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಮಾತ್ರೆಯನ್ನು ನಂಬಿ ಕಳೆದ ಕಾಲ ಹಿಂದಿರುಗದು. 35 ವರ್ಷ ದಾಟಿದವರು ಆರು ತಿಂಗಳ ಪ್ರಯತ್ನದ ನಂತರ ತಡಮಾಡದೆ ತಜ್ಞರನ್ನು ಕಾಣುವುದು ಲೇಸು. ಪತಿಯ ವೀರ್ಯಪರೀಕ್ಷೆಯೂ ಜೊತೆಯಲ್ಲಿಯೇ ಆಗಬೇಕು.

ಸ್ತ್ರೀಗೆ ಸಮಾನ ಗೌರವವಿತ್ತ ಶರಣರ ಪರಂಪರೆಯವರಾದ ನಾವು ಯಾವ ಹೆಣ್ಣುಮಗಳನ್ನೂ ‘ಬಂಜೆ’ ಎಂದು ಹಳಿಯಬಾರದು. ರಕ್ತಪರೀಕ್ಷೆಯ ಒಂದು ಅಂಕಿ ಆಕೆಯ ದೋಷವೂ ಅಲ್ಲ, ಆಕೆಯ ಬಾಳಿನ ಅಳತೆಗೋಲೂ ಅಲ್ಲ.