ಎಲೆ ನೋಡಿ ಗುಲಾಬಿ ಆರಿಸಿ

ನರ್ಸರಿಯಲ್ಲಿ ಹೂಬಿಟ್ಟ ಗಿಡ ನೋಡಿ ಮನಸೋತು ತಂದವರ ದೂರು ಎಲ್ಲ ಊರಲ್ಲೂ ಒಂದೇ. ಬರುವಾಗ ಇದ್ದ ಹೂವೇ ಕೊನೆ. ಮೊದಲ ಮಳೆಗಾಲದಲ್ಲೇ ಎಲೆಯೆಲ್ಲ ಉದುರಿ ಕಡ್ಡಿ ಉಳಿಯಿತು. ಇದರಲ್ಲಿ ಸಾಕಿದವರ ತಪ್ಪು ಕಡಿಮೆ, ಗಿಡದ ಆಯ್ಕೆಯ ತಪ್ಪೇ ಹೆಚ್ಚು. ಮಾರುಕಟ್ಟೆಯಲ್ಲಿ ಡಚ್ ಗುಲಾಬಿ ಎಂದು ಕರೆಯುವ ಉದ್ದ ಕಾಂಡದ ತಳಿಗಳನ್ನು ಪಾಲಿಹೌಸಿಗೆಂದೇ ರೂಪಿಸಿದ್ದಾರೆ. ಅಲ್ಲಿ ಎಲೆಗೆ ಮಳೆ ತಾಗುವುದಿಲ್ಲ, ಗೊಬ್ಬರ ಹನಿ ನೀರಿನಲ್ಲೇ ಬರುತ್ತದೆ, ಸಿಂಪರಣೆ ತಪ್ಪುವುದಿಲ್ಲ. ಹೊಲ, ದನ, ಮನೆ ಎಲ್ಲ ನೋಡಿಕೊಳ್ಳುವವರಿಗೆ ಹಿತ್ತಲಿನ ಒಂದು ಹೂಗಿಡಕ್ಕೆ ಅಷ್ಟು ಆರೈಕೆ ಮಾಡಲು ಪುರುಸೊತ್ತು ಎಲ್ಲಿಂದ ಬರಬೇಕು?

ಹಾಗಾಗಿ ಗುಲಾಬಿ ಕೊಳ್ಳುವ ಮೊದಲು ನಿಮ್ಮ ಊರಿನ ಹಿತ್ತಲುಗಳನ್ನು ಶ್ರಾವಣದಲ್ಲಿ ಒಮ್ಮೆ ನೋಡಿ ಬನ್ನಿ. ಮಳೆ ಹಿಡಿದಿರುವಾಗಲೂ ಯಾವ ಗಿಡದ ಬುಡದವರೆಗೆ ಎಲೆ ಉಳಿದಿದೆಯೋ ಅದೇ ನಿಮ್ಮ ಮಣ್ಣಿಗೆ, ನಿಮ್ಮ ಹವೆಗೆ ಒಗ್ಗಿದ ಗಿಡ. ಎಲೆ ದಪ್ಪಗೆ, ಹೊಳಪಾಗಿ ಇದ್ದರೆ ಇನ್ನೂ ಒಳ್ಳೆಯದು. ಕೆಳಗಿನ ಎಲೆಗಳ ಮೇಲೆ ಅಂಚು ಹರಿದಂತಿರುವ ಕಪ್ಪು ಮಚ್ಚೆ, ಅದರ ಸುತ್ತ ಹಳದಿ ಕಂಡರೆ ಅದು ಕಪ್ಪು ಚುಕ್ಕೆ ರೋಗ. ಎಲೆ ಸತತವಾಗಿ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಈ ಶಿಲೀಂಧ್ರ ಒಳಗಿಳಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎಲೆ ಅಷ್ಟು ಹೊತ್ತು ಒದ್ದೆಯಿರದ ದಿನವೇ ವಿರಳ.

ನನ್ನ ಮೊದಲ ಸಲಹೆ ಎಡ್ವರ್ಡ್ ಗುಲಾಬಿ. ತಿಳಿಗುಲಾಬಿ ಬಣ್ಣ, ಸಡಿಲ ಎಸಳು, ತಲೆಗೆ ಮುಡಿದರೆ ಮನೆಯೆಲ್ಲ ಘಮ. 19ನೇ ಶತಮಾನದ ಆರಂಭದಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಿಂದ ಹೊರಗೆ ಬಂದ ಬೂರ್ಬನ್ ಗುಲಾಬಿಗಳ ಗುಂಪಿಗೆ ಸೇರಿದ ಗಿಡ ಇದು. ಚೀನಾ ಗುಲಾಬಿಯಿಂದ ಮತ್ತೆ ಮತ್ತೆ ಹೂಬಿಡುವ ಗುಣ, ಡಮಾಸ್ಕ್ ಗುಲಾಬಿಯಿಂದ ಪರಿಮಳ, ಎರಡೂ ಈ ಗುಂಪಿಗೆ ಬಂದಿವೆ. ಇದಕ್ಕೆ ರೋಗವೇ ಬಾರದು ಎಂದು ನಾನು ಹೇಳುವುದಿಲ್ಲ. ಮಳೆಯಲ್ಲಿ ಒಂದಷ್ಟು ಎಲೆ ಉದುರುತ್ತದೆ, ಬಿಸಿಲು ಬಂದ ಕೂಡಲೇ ತಾನಾಗಿ ಚಿಗುರುತ್ತದೆ. ಔಷಧಿ ಹೊಡೆಯದವರಿಗೆ ಬೇಕಾದದ್ದು ಆ ಚೇತರಿಕೆಯ ಶಕ್ತಿಯೇ. ಬಿಡಿಹೂವಿಗಾಗಿ ಬೇರೆ ತಳಿ ಬೇಕೆನ್ನುವವರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸವಿ, ಅರ್ಕಾ ಪರಿಮಳ ತಳಿಗಳನ್ನು ವಿಚಾರಿಸಬಹುದು. ಮೈಸೂರು, ಬೆಂಗಳೂರಿನಂಥ ಸಾಧಾರಣ ಮಳೆಯ ಕಡೆ ಗೊಂಚಲು ಹೂವಿನ ಬಿಳಿ ಗುಲಾಬಿ ಐಸ್‌ಬರ್ಗ್ ಕೂಡ ಚೆನ್ನಾಗಿ ಬರುತ್ತದೆ. 1958ರಲ್ಲಿ ಜರ್ಮನಿಯ ಕೋರ್ಡೆಸ್ ನರ್ಸರಿ ಹೊರತಂದ ತಳಿ ಅದು. ಮುಳ್ಳು ಕಡಿಮೆ, ಹೂವು ಧಾರಾಳ. ಆದರೆ ಮಲೆನಾಡಿನವರಿಗೆ ನಾನು ಅದನ್ನು ಹೇಳಲಾರೆ, ಕಪ್ಪು ಚುಕ್ಕೆ ಬಿಡುವುದಿಲ್ಲ.

ತಳಿಯಷ್ಟೇ ಮುಖ್ಯ ಗಿಡ ಯಾವ ಬೇರಿನ ಮೇಲೆ ನಿಂತಿದೆ ಎಂಬುದು. ನರ್ಸರಿಯ ಬಹುಪಾಲು ಗುಲಾಬಿ ಕಣ್ಣು ಕಸಿಯ ಗಿಡ. ಮಣ್ಣಿನಿಂದ ತುಸು ಮೇಲೆ ಕಾಂಡ ಗಂಟುಗಟ್ಟಿದಂತೆ ಉಬ್ಬಿರುತ್ತದೆ. ಅದಕ್ಕಿಂತ ಕೆಳಗಿನದು ಬೇರೆ ಜಾತಿಯ ಬೇರುಗಿಡ. ಆ ಗಂಟಿನ ಕೆಳಗಿಂದ ನೀಳವಾಗಿ, ನಸುಹಸಿರಾಗಿ, ಭರದಿಂದ ಏಳುವ ಚಿಗುರನ್ನು ಕಂಡು ಗಿಡ ಚೆನ್ನಾಗಿ ಬರುತ್ತಿದೆ ಎಂದು ಹಿಗ್ಗುವವರಿದ್ದಾರೆ. ಅದನ್ನು ಬಿಟ್ಟರೆ ಒಂದೆರಡು ವರ್ಷದಲ್ಲಿ ಮೇಲಿನ ಒಳ್ಳೆಯ ಗುಲಾಬಿ ಸತ್ತು, ಬೇರುಗಿಡವೇ ಪೊದೆಯಾಗಿ ನಿಲ್ಲುತ್ತದೆ. ಆ ಚಿಗುರನ್ನು ಬುಡದಿಂದಲೇ ಕಿತ್ತು ತೆಗೆಯಬೇಕು. ಕತ್ತರಿಸಿದರೆ ಮತ್ತೆ ಒಡೆಯುತ್ತದೆ. ಎಡ್ವರ್ಡ್ ಗುಲಾಬಿಯನ್ನು ಕಡ್ಡಿ ನೆಟ್ಟೇ ಬೆಳೆಸಬಹುದಾದ್ದರಿಂದ ಈ ಕಾಟವೇ ಇಲ್ಲ.

ಕಡ್ಡಿ ನೆಡಲು ಜೂನ್, ಜುಲೈ ಒಳ್ಳೆಯ ಕಾಲ. ಹೂಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ರೆಂಬೆಯನ್ನು ಒಂದು ಗೇಣಿನಷ್ಟು, ನಾಲ್ಕೈದು ಗಣ್ಣು ಬರುವಂತೆ ಕತ್ತರಿಸಿ. ಕೆಳಗಿನ ಎಲೆ ತೆಗೆದು ಎರಡು ಗಣ್ಣು ಮಣ್ಣಿನೊಳಗೆ ಹೋಗುವಂತೆ ನೆರಳಿನಲ್ಲಿ ನೆಡಿ. ಚಿಗುರು ಬಂತೆಂದು ಕಿತ್ತು ನೋಡಬೇಡಿ, ಬೇರು ಬರುವುದು ಚಿಗುರಿನ ನಂತರ. ಎಲ್ಲ ಕಡ್ಡಿಯೂ ಹಿಡಿಯುವುದಿಲ್ಲವಾದ್ದರಿಂದ ಒಂದು ಗಿಡ ಬೇಕಾದರೆ ನಾಲ್ಕು ಕಡ್ಡಿ ನೆಡಿ.

ಜಾಗದ ವಿಷಯದಲ್ಲಿ ರಾಜಿ ಬೇಡ. ಬೆಳಗಿನ ಬಿಸಿಲು ಮೊದಲು ಬೀಳುವ, ದಿನಕ್ಕೆ ಆರು ಗಂಟೆಯಾದರೂ ಬಿಸಿಲಿರುವ ಕಡೆ ಇಬ್ಬನಿ ಬೇಗ ಆರುತ್ತದೆ. ಒಂದೂವರೆ ಅಡಿ ಗುಂಡಿಗೆ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಸಾಕು. ಗಿಡದಿಂದ ಗಿಡಕ್ಕೆ ಮೂರಡಿ ಬಿಡಿ, ಗಾಳಿಯಾಡಲಿ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಕೆಂಪುಮಣ್ಣು, ಮರಳು ಬೆರೆಸಿ ಏರು ಮಡಿ ಮಾಡಿ. ಬಚ್ಚಲ ನೀರು ಗುಲಾಬಿಗೆ ಬೇಡವೇ ಬೇಡ. ಸೋಪಿನ ಉಪ್ಪು, ಕ್ಷಾರ ಅದಕ್ಕೆ ಆಗದು. ಒಳ್ಳೆಯ ನೀರನ್ನೂ ಬುಡಕ್ಕೇ ಕೊಡಿ. ಉದುರಿದ ರೋಗದ ಎಲೆಯನ್ನು ಗುಡಿಸಿ ಸುಟ್ಟು, ಪಾತಿಗೆ ಒಣ ದರಗು ಹಾಸಿದರೆ ಮಳೆ ಹನಿಯ ಜತೆ ರೋಗಾಣು ಮೇಲಕ್ಕೆ ಸಿಡಿಯುವುದು ಕಡಿಮೆಯಾಗುತ್ತದೆ.

ಕತ್ತರಿಯ ಕೆಲಸ ಮುಖ್ಯವಾಗಿ ವರ್ಷಕ್ಕೊಮ್ಮೆ, ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರಿನಲ್ಲಿ. ಒಣಗಿದ, ಒಂದಕ್ಕೊಂದು ಉಜ್ಜುವ ರೆಂಬೆ ತೆಗೆದು, ಉಳಿದದ್ದನ್ನು ಅರ್ಧ ಎತ್ತರಕ್ಕೆ ಸವರಿ. ಕತ್ತರಿಸಿದ ತುದಿಯಿಂದಲೇ ಕಪ್ಪಗೆ ಒಣಗುತ್ತ ಇಳಿಯುವ ರೋಗ ಗುಲಾಬಿಗೆ ಸಾಮಾನ್ಯ. ಅಡಿಕೆಗೆ ಬೋರ್ಡೋ ಮಾಡುವ ಮನೆಯಾದರೆ ಅದರದೇ ಮುಲಾಮನ್ನು ಗಾಯಕ್ಕೆ ಹಚ್ಚಿ. ಸವರಿದ ಸುಮಾರು ಒಂದೂವರೆ ತಿಂಗಳಿಗೆ ಹೂವು ಬರುತ್ತದೆ. ಕಾರ್ತಿಕದ ಕೊನೆಯ ಪೂಜೆಗೆ ಮನೆಯ ಹೂವೇ ಬೇಕೆನ್ನುವವರು ಅಕ್ಟೋಬರ್ ಮೊದಲ ವಾರದಲ್ಲೇ ಕತ್ತರಿ ಹಿಡಿಯಬೇಕು.