ಖಜಾಂಚಿಯಾದ ತಮ್ಮನಿಗೆ, ಅರಸುಗಳ ಪುಸ್ತಕದಿಂದ

ತಮ್ಮಾ, ಗಿಲ್ಲೆಸುಗೂರಿನ ನಮ್ಮ ಸಭೆಯ ಕಮಿಟಿ ಈ ಸಲ ನಿನ್ನನ್ನು ಖಜಾಂಚಿ ಮಾಡಿದೆ. ಓದಿದ ಹುಡುಗ, ಲೆಕ್ಕ ಬರುತ್ತದೆ, ದುಡಿಯುವ ಮನೆತನ ಎಂದು ಎಲ್ಲರೂ ಒಪ್ಪಿದರು. ನಾನೂ ಕೈ ಎತ್ತಿದೆ. ಕೈ ಎತ್ತಿದ ಮೇಲೆ ನಿನಗೆ ನಾಲ್ಕು ಮಾತು ಹೇಳುವ ಹೊಣೆಯೂ ನನ್ನದೇ. ಆರಾಧನೆ ಮುಗಿದ ಮೇಲೆ ಎಲ್ಲರ ಎದುರು ನಿಂತು ಹೇಳುವಂಥದ್ದಲ್ಲ ಇದು, ಅದಕ್ಕೇ ಬರೆದು ಕೊಡುತ್ತಿದ್ದೇನೆ. ಒಬ್ಬನೇ ಇದ್ದಾಗ ಓದು.

ಸತ್ಯವೇದದಲ್ಲಿ ಅರಸುಗಳ ಎರಡು ಪುಸ್ತಕಗಳಿವೆ, ಅವುಗಳ ಹಿಂದೆಯೇ ಪೂರ್ವಕಾಲವೃತ್ತಾಂತದ ಎರಡು. ನಮ್ಮಲ್ಲಿ ಬಹಳ ಜನ ಅವನ್ನು ದಾಟಿಕೊಂಡು ಕೀರ್ತನೆಗಳಿಗೆ ಹೋಗಿಬಿಡುತ್ತಾರೆ. ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲ, ಒಬ್ಬ ಅರಸ ಸತ್ತ, ಇನ್ನೊಬ್ಬ ಪಟ್ಟಕ್ಕೆ ಬಂದ, ನಮಗೇನು ಎನ್ನುತ್ತಾರೆ. ನೀನು ಹಾಗೆ ಮಾಡಬೇಡ. ಅಧಿಕಾರ ಚಿಕ್ಕದಿರಲಿ ದೊಡ್ಡದಿರಲಿ, ಕೈಗೆ ಬಂದವರು ಮೊದಲು ಓದಬೇಕಾದದ್ದು ಅವನ್ನೇ.

ನಮ್ಮದು ಅರಸರು ಬಡಿದಾಡಿದ ನೆಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ತಲೆಮಾರುಗಟ್ಟಲೆ ಕಾದಿದರು. 1520ರಲ್ಲಿ ಕೃಷ್ಣದೇವರಾಯ ಗೆದ್ದ ದೊಡ್ಡ ಕಾಳಗ ರಾಯಚೂರಿಗಾಗಿಯೇ ನಡೆದದ್ದು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಆ ಉದ್ದನೆಯ ಕಲ್ಲನ್ನು ನೋಡಿದ್ದೀಯಲ್ಲ? ಅದನ್ನು ಬಂಡಿಯ ಮೇಲೆ ಹೇರಿ ಎಳೆದು ತಂದದ್ದನ್ನೂ ಅಲ್ಲಿ ಕೆತ್ತಿದ್ದಾರೆ. ಇಂಥ ಕಲ್ಲುಗಳಲ್ಲಿ ಕಟ್ಟಿಸಿದವನ ಹೆಸರು, ಬಿರುದು, ಗೆಲುವು ಇರುತ್ತವೆ. ಅವನು ಯಾರ ಹೊಲ ಕಸಿದ, ಯಾರ ಬಾಯಿ ಮುಚ್ಚಿಸಿದ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಇಸ್ರಾಯೇಲರ ಅರಸರ ಚರಿತ್ರೆ ಇಲ್ಲೇ ಬೇರೆಯಾಗುವುದು. ದಾವೀದನ ವ್ಯಭಿಚಾರ, ಸೊಲೊಮೋನನ ವಿಗ್ರಹಗಳು, ಅಹಾಬನ ಹೊಲದಾಸೆ, ಏನನ್ನೂ ಅದು ಮುಚ್ಚಿಡಲಿಲ್ಲ. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಅಂದಿನಿಂದ ಆ ಅರಸರ ತಪ್ಪುಗಳನ್ನು ನಮ್ಮ ಮಾತಿನಲ್ಲೇ ಓದುತ್ತಿದ್ದೇವೆ.

ಓದುತ್ತಾ ಓದುತ್ತಾ ನನಗೆ ಒಂದು ವಿಷಯ ಗಟ್ಟಿಯಾಯಿತು. ಆ ಅರಸರಲ್ಲಿ ತಪ್ಪು ಮಾಡದವನು ಸಿಗುವುದೇ ಕಷ್ಟ. ಉಳಿದವನಿಗೂ ಕೆಟ್ಟವನಿಗೂ ಇದ್ದ ವ್ಯತ್ಯಾಸ, ತಪ್ಪು ಎತ್ತಿ ತೋರಿಸಿದವನನ್ನು ಅವನು ಏನು ಮಾಡಿದ ಎಂಬುದರಲ್ಲಿದೆ.

ನಿನ್ನ ಕೆಲಸಕ್ಕೆ ಎಲ್ಲರಿಗಿಂತ ಹತ್ತಿರದವನು ಯೆಹೂದದ ಅರಸ ಯೋವಾಷ. ಅವನ ಕತೆಯನ್ನು ನಿಧಾನವಾಗಿ ಹೇಳುತ್ತೇನೆ. ಅವನ ಅಜ್ಜಿ ಅತಲ್ಯ, ಮಗ ಸತ್ತೊಡನೆ ಸಿಂಹಾಸನಕ್ಕಾಗಿ ರಾಜವಂಶದವರನ್ನೆಲ್ಲ ಕೊಲ್ಲಿಸುತ್ತಾಳೆ. ಕೂಸಾಗಿದ್ದ ಯೋವಾಷನನ್ನು ಸೋದರತ್ತೆ ಎತ್ತಿಕೊಂಡು ಹೋಗಿ ಬಚ್ಚಿಡುತ್ತಾಳೆ. ಆಕೆಯ ಗಂಡನೇ ಯಾಜಕ ಯೆಹೋಯಾದ. ಆರು ವರ್ಷ ಆ ಮಗು ದೇವಾಲಯದಲ್ಲೇ ಅಡಗಿ ಬೆಳೆಯಿತು. ಏಳನೇ ವಯಸ್ಸಿಗೆ ಯೆಹೋಯಾದನೇ ಅವನನ್ನು ಹೊರಗೆ ತಂದು ಕಿರೀಟ ಇಟ್ಟ. ಪ್ರಾಣ, ಪಟ್ಟ, ಬುದ್ಧಿ ಮೂರೂ ಆ ಮುದುಕ ಕೊಟ್ಟದ್ದು.

ದೊಡ್ಡವನಾದ ಯೋವಾಷ ದೇವಾಲಯದ ಬಿರುಕುಗಳನ್ನು ಕಂಡು ದುರಸ್ತಿಗೆ ಹಣ ಎತ್ತಲು ಹೇಳಿದ. ಹಣ ಯಾಜಕರ ಕೈಗೆ ಬರುತ್ತಿತ್ತು. ಅವನ ಆಳ್ವಿಕೆಯ 23ನೇ ವರ್ಷದ ತನಕವೂ ಒಂದು ಬಿರುಕೂ ಮುಚ್ಚಿರಲಿಲ್ಲ. ಅವನು ಯೆಹೋಯಾದನನ್ನೂ ಸೇರಿಸಿ ಎಲ್ಲರನ್ನೂ ಕರೆದು ಕೇಳಿದ. ಆಗ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಹತ್ತಿರ ಇಟ್ಟ. ನಮ್ಮ ಬಾಗಿಲಲ್ಲಿರುವ ಕಾಣಿಕೆ ಡಬ್ಬಿಯ ಹಿರಿಯಜ್ಜ ಅದು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬರಬೇಕು, ಇಬ್ಬರೂ ಕೂಡಿ ಎಣಿಸಿ ಚೀಲ ಕಟ್ಟಬೇಕು. ಆ ಹಣ ನೇರವಾಗಿ ಬಡಿಗೇರಿಗೆ, ಗೌಂಡಿಗಳಿಗೆ, ಕಲ್ಲು ಕಡಿಯುವವರಿಗೆ ಹೋಯಿತು. ದುರಸ್ತಿ ಮುಗಿಯುವ ತನಕ ಅದರಲ್ಲಿ ಬೆಳ್ಳಿ ಬಟ್ಟಲು ಮಾಡಿಸಲಿಲ್ಲ. ಮಾಳಿಗೆ ಸೋರುತ್ತದೆ ಎಂದು ಕೊಟ್ಟ ದುಡ್ಡಿನಲ್ಲಿ ಕ್ರಿಸ್ಮಸ್ಸಿಗೆ ಮೈಕ್ ಸೆಟ್ ತರೋಣ ಎಂದು ನಿನ್ನ ಗೆಳೆಯರು ಕೇಳಿದಾಗ ಈ ಬಟ್ಟಲು ನೆನಪಿರಲಿ.

ಒಬ್ಬನೇ ಎಣಿಸಬೇಡ. ನಿನ್ನ ಮೇಲೆ ಅನುಮಾನವಿದೆ ಎಂದಲ್ಲ. ಮಹಾಯಾಜಕನಂಥವನೇ ಒಬ್ಬನೇ ಎಣಿಸಲಿಲ್ಲ. ಸುಗ್ಗಿಯಲ್ಲಿ ಜನ ಕೊಡುವ ಭತ್ತ, ಜೋಳದ ಚೀಲ ರಾಯಚೂರಿನ ಎಪಿಎಂಸಿಗೆ ಹೋದ ದಿನ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು. ತೂಕದ ಚೀಟಿಯನ್ನು ಅಂಗಿಯ ಜೇಬಿನಲ್ಲಿ ಮಡಚಿಡಬೇಡ, ಪುಸ್ತಕಕ್ಕೆ ಅಂಟಿಸು. ಹತ್ತು ರೂಪಾಯಿಯ ಹಮಾಲಿಯನ್ನೂ ಬರೆ. ಕೂಲಿಗೆ ಹೋದ ತಾಯಂದಿರು ಸೆರಗಿನ ಗಂಟು ಬಿಚ್ಚಿ ಹಾಕಿದ ದುಡ್ಡು ಅದು.

ಇಷ್ಟು ಚೆಂದದ ವ್ಯವಸ್ಥೆ ಮಾಡಿದ ಯೋವಾಷನ ಕಡೆಗಾಲ ಓದಿದರೆ ಹೊಟ್ಟೆ ಉರಿಯುತ್ತದೆ. ಯೆಹೋಯಾದ 130 ವರ್ಷದವನಾಗಿ ತೀರಿಕೊಂಡ. ಅವನನ್ನು ಅರಸರ ಗೋರಿಗಳಲ್ಲೇ ಹೂಳಿದರು. ಆಮೇಲೆ ಯೆಹೂದದ ದೊಡ್ಡವರು ಬಂದು ಯೋವಾಷನಿಗೆ ಅಡ್ಡಬಿದ್ದರು. ಅಷ್ಟು ವರ್ಷ ಗುರುವಿನ ಮಾತು ಕೇಳಿದವನಿಗೆ, ನೀನೇ ದೊಡ್ಡವನು ಎನ್ನುವವರು ಸಿಕ್ಕಿದರು. ಅವರ ಮಾತು ಕೇಳಿ ತಾನೇ ದುರಸ್ತಿ ಮಾಡಿಸಿದ ದೇವಾಲಯವನ್ನು ಬಿಟ್ಟು ವಿಗ್ರಹಗಳ ಕಡೆ ಹೋದ. ಯೆಹೋಯಾದನ ಮಗ ಜೆಕರ್ಯ ಎದ್ದು ನಿಂತು, ಇದು ತಪ್ಪು ಎಂದ. ಅರಸನ ಅಪ್ಪಣೆಯಿಂದಲೇ ಅವನಿಗೆ ಕಲ್ಲು ಹೊಡೆದರು, ಅದೂ ದೇವಾಲಯದ ಅಂಗಳದಲ್ಲೇ. ಪ್ರಾಣ ಉಳಿಸಿದವನ ಮಗನನ್ನು, ಪ್ರಾಣ ಉಳಿದ ಜಾಗದಲ್ಲೇ ಕೊಂದ. ಮುಂದೆ ಅರಾಮ್ಯರು ದಂಡೆತ್ತಿ ಬಂದರು, ಯೋವಾಷ ಗಾಯಗೊಂಡು ಮಲಗಿದ, ಮಲಗಿದಲ್ಲೇ ಅವನ ಸೇವಕರು ಅವನನ್ನು ಮುಗಿಸಿದರು. ಯಾಜಕನಿಗೆ ಸಿಕ್ಕ ಅರಸರ ಗೋರಿ ಅರಸನಿಗೆ ಸಿಗಲಿಲ್ಲ.

ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದವರು. ಮುನಿರಾಬಾದಿನಲ್ಲಿ ಬಿಟ್ಟ ನೀರು ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಗದ್ದೆಗಳನ್ನು ದಾಟಿ ನಮ್ಮ ತನಕ ಬರುವುದು ಎಷ್ಟು ಕಷ್ಟ ಎಂದು ನಿನಗೆ ಹೇಳಬೇಕಿಲ್ಲ. ಡ್ಯಾಮಿನಲ್ಲಿ ಇಷ್ಟು ಟಿಎಂಸಿ ಇದೆ ಎಂದು ಪೇಪರಿನಲ್ಲಿ ಬರುತ್ತದೆ, ಸಭೆಗಳಲ್ಲಿ ಭರವಸೆ ಕೊಡುತ್ತಾರೆ. ಆದರೆ 104ನೇ ಮೈಲಿನ ಗೇಜು ಎಷ್ಟು ಅಡಿ ತೋರಿಸುತ್ತದೋ ಅದೇ ನಮ್ಮ ಪಾಲಿನ ನಿಜ. ಕಡಿಮೆ ತೋರಿಸಿತೆಂದು ಸಿಟ್ಟಿಗೆದ್ದು ಗೇಜನ್ನೇ ಕಿತ್ತೆಸೆದರೆ ನೀರು ಬಂದೀತೇ? ಜೆಕರ್ಯನಿಗೆ ಯೋವಾಷ ಮಾಡಿದ್ದು ಅದನ್ನೇ. ಅಹಾಬನೂ ಅದನ್ನೇ ಮಾಡಿದ. ಯುದ್ಧಕ್ಕೆ ಹೊರಟಾಗ ಸುಮಾರು 400 ಪ್ರವಾದಿಗಳು ಒಂದೇ ಬಾಯಿಂದ, ಹೋಗು, ಗೆಲ್ಲುತ್ತೀ ಎಂದರು. ಮೀಕಾಯೆಹು ಒಬ್ಬನೇ ಬೇರೆ ಹೇಳಿದ, ಅವನು ಸೆರೆಮನೆಗೆ ಹೋದ. ಅಹಾಬ ವೇಷ ಮರೆಸಿಕೊಂಡು ರಣಕ್ಕೆ ಹೋದ, ಯಾರೋ ಗುರಿಯಿಲ್ಲದೆ ಬಿಟ್ಟ ಬಾಣ ಅವನ ಕವಚದ ಸಂದಿಗೆ ನೆಟ್ಟಿತು. ನಿನ್ನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಸೂಪರ್ ಅಣ್ಣಾ ಎನ್ನುವ ದಿನ ಬರುತ್ತದೆ ತಮ್ಮಾ. ಆ ದಿನ ಸುಮ್ಮನೆ ಕೂತವರು ಯಾರು ಎಂದು ನೋಡಿಕೋ. ಸಂಜೆ ಅವರ ಮನೆಗೆ ಹೋಗಿ ಚಹಾ ಕುಡಿ, ಯಾಕೆ ಸುಮ್ಮನಿದ್ದೀರಿ ಎಂದು ಕೇಳು.

ಉಜ್ಜೀಯ ನಮ್ಮಂಥ ಒಕ್ಕಲಿಗರಿಗೆ ಇಷ್ಟವಾಗುವ ಅರಸ. 16ನೇ ವಯಸ್ಸಿಗೆ ಪಟ್ಟ, 52 ವರ್ಷದ ಆಳ್ವಿಕೆ. ಅಡವಿಯಲ್ಲಿ ದನಕರುಗಳಿಗೆ ನೀರಿನ ತೊಟ್ಟಿ ಕೊರೆಸಿದ, ಹೊಲ ತೋಟಗಳಿಗೆ ಆಳು ಇಟ್ಟ. ಬೇಸಾಯವೆಂದರೆ ಅವನಿಗೆ ಪ್ರೀತಿ ಎಂದು ವೃತ್ತಾಂತ ಬರೆದವನು ಮರೆಯದೆ ದಾಖಲಿಸಿದ್ದಾನೆ. ಬಲ ಬಂದ ಮೇಲೆ ಸೊಕ್ಕು ಬಂತು. ಧೂಪಾರತಿ ಹಿಡಿದು, ಯಾಜಕರಿಗಷ್ಟೇ ಸಲ್ಲುವ ಜಾಗಕ್ಕೆ ನುಗ್ಗಿದ. ಮಹಾಯಾಜಕ ಅಜರ್ಯನೂ 80 ಮಂದಿ ಯಾಜಕರೂ ಅಡ್ಡ ನಿಂತರು. ಅವನು ತಿದ್ದಿಕೊಳ್ಳದೆ ಅವರ ಮೇಲೆಯೇ ಕೆರಳಿದ, ಹಣೆಯ ಮೇಲೆ ಕುಷ್ಠ ಎದ್ದಿತು. (ಈ ಕತೆ ಹಿಡಿದುಕೊಂಡು ಊರಲ್ಲಿ ಯಾರಾದರೂ ಕಾಯಿಲೆಯವರನ್ನು ಪಾಪಿಗಳೆಂದರೆ ಅವರ ಬಾಯಿ ಮುಚ್ಚಿಸು. ಅದು ಉಜ್ಜೀಯನೊಬ್ಬನ ಕತೆ. ಯೇಸುಸ್ವಾಮಿ ಕುಷ್ಠರೋಗಿಯನ್ನು ಕೈ ಚಾಚಿ ಮುಟ್ಟಿದವನು.) ನನ್ನ ಮನಸ್ಸು ನಿಲ್ಲುವುದು ಆ 80 ಮಂದಿಯ ಹತ್ತಿರ. ಅರಸನಿಗೆ ಅಡ್ಡ ನಿಲ್ಲುವ ಧೈರ್ಯ ಅವರಿಗಿತ್ತು. ನಮ್ಮ ಸಭೆಯಲ್ಲಿ ಅಂಥವರು ಇಬ್ಬರೋ ಮೂವರೋ ಇದ್ದಾರು. ಅವರನ್ನು ತಂಟೆಕೋರರು ಎಂದು ಕರೆಯುವ ರೂಢಿ ಬಿದ್ದಿದೆ. ನೀನು ಆ ಮಾತು ಆಡಬೇಡ.

ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸು ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ಸೊಲೊಮೋನನ ಮಗ ರೆಹಬ್ಬಾಮನ ಕತೆಯನ್ನು ನಮ್ಮವರು ಹಾಗೆಯೇ ಹೇಳುತ್ತಾರೆ: ಮುದುಕರ ಮಾತು ಬಿಟ್ಟ, ಹುಡುಗರ ಮಾತು ಕೇಳಿದ, ಹತ್ತು ಕುಲ ಕಳೆದುಕೊಂಡ. ಆದರೆ ಅವನು ಪಟ್ಟಕ್ಕೆ ಬಂದಾಗ 41 ವರ್ಷದವನು, ಆ ಹುಡುಗರು ಅವನ ಜೊತೆಗೇ ಬೆಳೆದವರು. ವಯಸ್ಸು ಅಲ್ಲಿ ದೊಡ್ಡ ಮಾತಲ್ಲ. ಜನರ ಹೊರೆ ಇಳಿಸು, ಇವತ್ತು ನೀನೇ ಅವರ ಆಳಾಗು ಎಂದದ್ದು ಹಿರಿಯರ ಮಾತು, ಹೊರೆ ಇನ್ನೂ ಏರಿಸು ಎಂದದ್ದು ಜೊತೆಗಾರರದು. ಇತ್ತ ನಾಬೋತನ ದ್ರಾಕ್ಷಿತೋಟದ ಕತೆಗೆ ಬಾ. ಪಿತ್ರಾರ್ಜಿತ ಭೂಮಿ ಕೊಡಲಾರೆ ಎಂದ ಆ ರೈತನನ್ನು ಸುಳ್ಳು ಸಾಕ್ಷಿ ನಿಲ್ಲಿಸಿ ಕೊಲ್ಲಿಸಿದವರು ಯಾರು? ಅಹಾಬನ ಹೆಂಡತಿ ಈಜೆಬೆಲಳು ಅರಸನ ಮುದ್ರೆ ಒತ್ತಿ ಬರೆದ ಓಲೆಗಳು ಹೋದದ್ದು ಊರ ಹಿರಿಯರಿಗೆ. ಯಾಕೆ ಎಂದು ಒಬ್ಬನೂ ಕೇಳಲಿಲ್ಲ, ಓಲೆಯಲ್ಲಿದ್ದಂತೆ ಮಾಡಿ ಮುಗಿಸಿದರು. ಬಿಳಿ ಕೂದಲು ಅಲ್ಲಿ ಯಾರನ್ನೂ ಕಾಯಲಿಲ್ಲ. ಕಾಲುವೆ ಬಂದ ಮೇಲೆ ನಮ್ಮ ಎಕರೆಗೂ ಬೆಲೆ ಬಂದಿದೆ. ನಾಳೆ ಯಾರೋ ಹಿರಿಯರೇ ಬಂದು, ಸಾಕ್ಷಿಗೆ ಒಂದು ಸಹಿ ಹಾಕು ತಮ್ಮಾ, ಏನೂ ಆಗುವುದಿಲ್ಲ ಎಂದಾರು. ಕಾಗದ ಪೂರ್ತಿ ಓದದೆ ಪೆನ್ನು ತೆಗೆಯಬೇಡ. ಹೇಳಿದವನು ನಾನೇ ಆಗಿದ್ದರೂ ಸರಿಯೇ.

ತಪ್ಪು ಹೇಳುವವರು ಯಾವ ಕಡೆಯಿಂದ ಬರುತ್ತಾರೋ ಗೊತ್ತಾಗುವುದಿಲ್ಲ. ಯೋಷೀಯನ ಕಾಲದಲ್ಲಿ ದೇವಾಲಯದಲ್ಲಿ ಧರ್ಮಶಾಸ್ತ್ರದ ಪುಸ್ತಕ ಸಿಕ್ಕಿತು. ಅದನ್ನು ಓದಿಸಿ ಕೇಳಿ ಬಟ್ಟೆ ಹರಿದುಕೊಂಡ ಆ ಅರಸ, ಇದರ ವಿಷಯ ದೇವರನ್ನು ಕೇಳಿ ಬನ್ನಿ ಎಂದ. ಅವನ ಮಹಾಯಾಜಕನೂ ಮಂತ್ರಿಗಳೂ ಹೋದದ್ದು ಪ್ರವಾದಿನಿ ಹುಲ್ದಳೆಂಬ ಹೆಣ್ಣುಮಗಳ ಮನೆಗೆ. ಆಕೆ ಮುಲಾಜಿಲ್ಲದೆ ಹೇಳಿದಳು, ಅವರು ಹಾಗೆಯೇ ತಂದು ಅರಸನಿಗೆ ಒಪ್ಪಿಸಿದರು. ನಮ್ಮ ಕಮಿಟಿಯಲ್ಲಿ ಹೆಂಗಸರ ಮಾತಿಗೆ ಎಷ್ಟು ಜಾಗವಿದೆ ಎಂದು ನೀನೇ ನೋಡಿದ್ದೀ. ಲೆಕ್ಕದ ದಿನ ಮಹಿಳಾ ಸಂಘದವರನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ಕೂರಿಸು. ಸ್ವಸಹಾಯ ಸಂಘಗಳಲ್ಲಿ ವಾರವಾರ ಪೈಸೆ ಪೈಸೆ ಕೂಡಿಸಿ ಕಳೆದು ಪಳಗಿದವರು ಅವರು.

ಇನ್ನು ದಾವೀದ. ಊರೀಯನ ಹೆಂಡತಿ ಬತ್ಷೆಬೆಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಕೊಲ್ಲಿಸಿದ. ಯೋವಾಷನ ಪಾಪಕ್ಕೆ ಇದು ಏನೂ ಕಡಿಮೆಯಲ್ಲ. ಪ್ರವಾದಿ ನಾತಾನ ಬಂದು ಬಡವನ ಕುರಿಮರಿಯ ಕತೆ ಹೇಳಿ, ಆ ಮನುಷ್ಯ ನೀನೇ ಎಂದು ತೋರಿಸಿದಾಗ ದಾವೀದನ ಕೈಯಲ್ಲೂ ಕತ್ತಿಯಿತ್ತು, ಅಪ್ಪಣೆ ಕೊಟ್ಟರೆ ಕಲ್ಲು ಹೊಡೆಯುವವರಿದ್ದರು. ಅವನು ಪಾಪ ಮಾಡಿದೆ ಎಂದು ಒಪ್ಪಿಕೊಂಡ. ಫಲ ತಪ್ಪಲಿಲ್ಲ, ಮನೆಯಲ್ಲಿ ಕಣ್ಣೀರು ನಿಲ್ಲಲಿಲ್ಲ, ಆದರೆ ನಾತಾನ ಅರಮನೆಗೆ ಬರುವುದೂ ನಿಲ್ಲಲಿಲ್ಲ. ಪೂರ್ವಕಾಲವೃತ್ತಾಂತದ ವಂಶಾವಳಿ ತೆಗೆದು ನೋಡು. ಬತ್ಷೆಬೆಯಲ್ಲಿ ಹುಟ್ಟಿದ ದಾವೀದನ ಗಂಡುಮಕ್ಕಳಲ್ಲಿ ಸೊಲೊಮೋನನ ಜೊತೆಗೆ ನಾತಾನ ಎಂಬ ಹೆಸರೂ ಇದೆ. ಪ್ರವಾದಿಯ ಹೆಸರನ್ನೇ ಇಟ್ಟ ಎಂದು ವೇದ ಹೇಳುವುದಿಲ್ಲ. ಆದರೂ ತನ್ನ ಪಾಪ ಬಯಲು ಮಾಡಿದವನ ಹೆಸರನ್ನು ದಾವೀದ ಮನೆಯೊಳಗೆ ದಿನಾ ಕೂಗಿ ಕರೆದ ಎಂದೇ ನಾನು ನಂಬುತ್ತೇನೆ. ಲೂಕನು ಬರೆದ ಯೇಸುಸ್ವಾಮಿಯ ವಂಶಾವಳಿ ದಾವೀದನ ಈ ಮಗನ ಕಡೆಯಿಂದಲೇ ಇಳಿದು ಬರುತ್ತದೆ.

ಇಷ್ಟು ಓದಿ ನಿನಗೆ ಭಯವಾಗುವುದಾದರೆ ಮನಸ್ಸೆಯ ಅಧ್ಯಾಯವನ್ನೂ ಓದು, ಎರಡನೇ ಪೂರ್ವಕಾಲವೃತ್ತಾಂತದ 33ನೆಯದು. 55 ವರ್ಷ ಆಳಿದ, ಮಾಡಬಾರದ್ದನ್ನೆಲ್ಲ ಮಾಡಿದ, ಬೇಡಿ ಬಿದ್ದು ಬಾಬೆಲಿಗೆ ಹೋದ ಮೇಲೆ ಮೊಣಕಾಲೂರಿದ. ದೇವರು ಅವನನ್ನೂ ಕೇಳಿಸಿಕೊಂಡ. ನೀನು ಎಲ್ಲಿಯಾದರೂ ಎಡವಿದರೆ, ಒಂದು ಸಾವಿರ ರೂಪಾಯಿಯ ಲೆಕ್ಕ ಹೊಂದದಿದ್ದರೆ, ಬೇರೆ ಕಡೆಯಿಂದ ತಂದು ತುಂಬಿಸಿ ಮುಚ್ಚಬೇಡ. ಅದೇ ವಾರ ಕಮಿಟಿಗೆ ಹೇಳು. ಬೈಗುಳ ಬೀಳುತ್ತದೆ, ಬೀಳಲಿ. ನಿನ್ನ ಜೊತೆ ನಾನು ನಿಲ್ಲುತ್ತೇನೆ.

ತಿಂಗಳ ಕಡೇ ಭಾನುವಾರ ಲೆಕ್ಕವನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದು. ಬಂದದ್ದು, ಹೋದದ್ದು, ಉಳಿದದ್ದು. ಯಾರಾದರೂ ಎದ್ದು ಕೇಳಿದರೆ ಮುಖ ಕೆಂಪಗೆ ಮಾಡಿಕೊಳ್ಳದೆ ಪುಸ್ತಕವನ್ನೇ ಅವರ ಕೈಗೆ ಕೊಡು. ಓದು ಬಾರದವರಾದರೆ ಪಕ್ಕದಲ್ಲಿ ಕೂತು ಚೀಟಿ ಚೀಟಿಯನ್ನೂ ತೋರಿಸಿ ಓದಿ ಹೇಳು. ಮೊದಲ ತಿಂಗಳು ಯಾರೂ ಏನೂ ಕೇಳದಿದ್ದರೆ ನಾನು ಕೇಳುತ್ತೇನೆ, ತಯಾರಾಗಿ ಬಾ.