ಅಸಿಂಧುವಾದ ವಿಚಾರಣೆಯ ನಂತರ ಮತ್ತೆ ಮೊಕದ್ದಮೆ ಸಾಧ್ಯವೇ?

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

1. ಪ್ರಕರಣ

ಬೆಂಗಳೂರಿನ ಸಾರಕ್ಕಿ ಗ್ರಾಮ ಪಂಚಾಯತಿಯ ಬಿಲ್ ಕಲೆಕ್ಟರ್ ಒಬ್ಬರು ಪಂಚಾಯತಿ ನಿರ್ಣಯದ ನಕಲು ಕೊಡಲು 500 ರೂಪಾಯಿ ಲಂಚ ಪಡೆದರೆಂಬ ಆರೋಪ 1998ರ ಮಾರ್ಚ್ 24ರ ಘಟನೆಯೊಂದರಲ್ಲಿ ಬಂದಿತು. ವಿಚಾರಣಾ ನ್ಯಾಯಾಲಯವು ಅವರನ್ನು ಖುಲಾಸೆಗೊಳಿಸಿತು. ಮೊಕದ್ದಮೆಗೆ ಮಂಜೂರಾತಿ ನೀಡಿದ ಜಿಲ್ಲಾ ಪಂಚಾಯತಿ ಅಧಿಕಾರಿಗೆ ಆ ಅಧಿಕಾರವೇ ಇರಲಿಲ್ಲವೆಂಬುದು ಒಂದು ಕಾರಣ. ಸಾಕ್ಷ್ಯ ನಂಬಲರ್ಹವಲ್ಲವೆಂಬುದು ಇನ್ನೊಂದು. ಉಚ್ಚ ನ್ಯಾಯಾಲಯವು ಈ ತೀರ್ಪನ್ನು ಬದಲಿಸಿ ಶಿಕ್ಷೆ ವಿಧಿಸಿತು. ‘ನಂಜಪ್ಪ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಜುಲೈ 24ರಂದು ಆ ಶಿಕ್ಷೆಯನ್ನು ರದ್ದುಪಡಿಸಿತು.

2. ಕಾನೂನಿನ ನಿಲುವು

ಭ್ರಷ್ಟಾಚಾರ ಪ್ರತಿಬಂಧಕ ಅಧಿನಿಯಮ, 1988ರ 19ನೇ ಪ್ರಕರಣದಂತೆ, ಲೋಕ ನೌಕರನನ್ನು ಹುದ್ದೆಯಿಂದ ತೆಗೆದುಹಾಕಲು ಸಕ್ಷಮವಾದ ಪ್ರಾಧಿಕಾರವೇ ಮಂಜೂರಾತಿ ನೀಡತಕ್ಕದ್ದು. ಅದಿಲ್ಲದಿದ್ದರೆ ನ್ಯಾಯಾಲಯಕ್ಕೆ ಅಧಿಕಾರವ್ಯಾಪ್ತಿಯೇ ಹುಟ್ಟುವುದಿಲ್ಲ. ನಡೆದ ವಿಚಾರಣೆ ನಡೆಯದಿದ್ದಂತೆಯೇ ಸರಿ. ಆದ್ದರಿಂದ ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷಿಸಬಾರದೆಂಬ ಸಂವಿಧಾನದ 20(2)ನೇ ಅನುಚ್ಛೇದದ ರಕ್ಷಣೆ ಇಲ್ಲಿ ಅಡ್ಡಬಾರದು. ಸಕ್ಷಮ ಪ್ರಾಧಿಕಾರದ ಮಂಜೂರಾತಿ ಪಡೆದು ಹೊಸದಾಗಿ ಮೊಕದ್ದಮೆ ಹೂಡಬಹುದು.

ಆದರೂ ಸಾರಕ್ಕಿ ಪ್ರಕರಣದಲ್ಲಿ ಮರುವಿಚಾರಣೆಗೆ ಆದೇಶವಾಗಲಿಲ್ಲ. 17 ವರ್ಷ ಕಳೆದಿತ್ತು, ಆರೋಪಿಯು ಹಿರಿಯ ನಾಗರಿಕರಾಗಿದ್ದರು, ಸಾಕ್ಷಿಗಳು ದೊರೆಯುವ ಭರವಸೆ ಇರಲಿಲ್ಲ, ಮೊತ್ತವೂ ಅಲ್ಪವಾಗಿತ್ತು. ಕಾನೂನು ತೆರೆದಿಟ್ಟ ಬಾಗಿಲನ್ನು ಕಾಲವೇ ಮುಚ್ಚಿತು. ದೂರುದಾರನಿಗೂ ಆರೋಪಿಗೂ ಇದರಿಂದಾದ ನಷ್ಟ ತುಂಬಿಬರುವಂಥದ್ದಲ್ಲ.

3. ಸದಸ್ಯರು ಗಮನಿಸಬೇಕಾದ ಅಂಶಗಳು

ಅ) ಗೌರಸಮುದ್ರ ಭಾಗದಲ್ಲಿಯೂ ಮನೆ ಕಂದಾಯ, ನೀರಿನ ಕರ ವಸೂಲಿ ಮಾಡುವವರು ಬಿಲ್ ಕಲೆಕ್ಟರರೇ. ಅವರನ್ನು ನೇಮಿಸಿದವರು ಯಾರು, ತೆಗೆದುಹಾಕಬಲ್ಲವರು ಯಾರು ಎಂಬುದು ನೇಮಕಾತಿ ಆದೇಶ, ಸಭಾ ನಿರ್ಣಯ ಹಾಗೂ ಅನುಮೋದನೆ ಪತ್ರಗಳಿಂದ ತಿಳಿಯಬೇಕು. ಈ ಕಡತಗಳನ್ನು ಸುರಕ್ಷಿತವಾಗಿಡತಕ್ಕದ್ದು.

ಆ) ತನಿಖಾ ಸಂಸ್ಥೆಯು ಸೇವಾ ವಿವರ ಕೇಳಿದಾಗ ವಿಳಂಬವಿಲ್ಲದೆ, ದಾಖಲೆಯಲ್ಲಿರುವಂತೆಯೇ ನೀಡತಕ್ಕದ್ದು. 2018ರ ತಿದ್ದುಪಡಿಯಂತೆ ಮಂಜೂರಾತಿಯ ತೀರ್ಮಾನವನ್ನು 3 ತಿಂಗಳೊಳಗೆ ಕೈಗೊಳ್ಳಲು ಪ್ರಯತ್ನಿಸಬೇಕು. ಕಾನೂನು ಸಲಹೆ ಅಗತ್ಯವಾದಲ್ಲಿ ಮತ್ತೊಂದು ತಿಂಗಳು ವಿಸ್ತರಿಸಬಹುದು.

ಇ) ಈ ಪ್ರಕರಣದ ಮೂಲ ಒಂದು ನಿರ್ಣಯದ ನಕಲು. ಕೇಳಿದವರಿಗೆ ನಿಗದಿತ ಶುಲ್ಕಕ್ಕೆ, ರಶೀದಿಯೊಡನೆ, ಸಕಾಲದಲ್ಲಿ ನಕಲು ದೊರೆತರೆ ಲಂಚಕ್ಕೆ ಆಸ್ಪದವಿರದು.

4. ಚರ್ಚೆಗೆ

ನಮ್ಮ ಪಂಚಾಯತಿಯ ಪ್ರತಿಯೊಬ್ಬ ಸಿಬ್ಬಂದಿಯ ನೇಮಕಾತಿ ಆದೇಶ ಇಂದು ಕೇಳಿದರೆ ಇಂದೇ ಕೈಗೆ ಸಿಗುವುದೇ? ಮುಂದಿನ ಸಾಮಾನ್ಯ ಸಭೆಯಲ್ಲಿ ಪರಿಶೀಲಿಸಿ ನಡಾವಳಿಯಲ್ಲಿ ದಾಖಲಿಸುವುದು.